ಪಿಸ್ತೂಲಿಗೆ ಕೂರಿಸುವ ಲೇಸರ್ ಎಷ್ಟು ಕಾಲ ಬಾಳಿಕೆ ಬರುತ್ತದೆ?

ಪ್ರಶ್ನೆ: ಗುರಿಯಭ್ಯಾಸಿ

ಎಲ್ಲರಿಗೂ ನಮಸ್ಕಾರ. ನನ್ನ 9 ಎಂಎಂ ಪಿಸ್ತೂಲಿನ ನಳಿಕೆಯ ಕೆಳಗಿರುವ ರೇಲ್‌ಗೆ ಕೂರಿಸುವಂತಹ ಕೆಂಪು ಲೇಸರ್ ಒಂದನ್ನು ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ಕೂರಿಸಿದ ದಿನವೇ 7 ಮೀಟರ್ ದೂರದಲ್ಲಿ ಗುರಿಹಲಗೆ ನಿಲ್ಲಿಸಿ, ಲೇಸರಿನ ಚುಕ್ಕಿ ಎಲ್ಲಿದೆಯೋ ಗುಂಡೂ ಅಲ್ಲಿಯೇ ತೂತು ಮಾಡುವಂತೆ ಅದರ ಎರಡು ಪುಟ್ಟ ಸ್ಕ್ರೂಗಳನ್ನು ತಿರುಗಿಸಿ ಹೊಂದಿಸಿದ್ದೆ. ಅಂದಿನಿಂದ ಇಂದಿನವರೆಗೆ ಸುಮಾರು 400 ತೋಟಾ ಹಾರಿಸಿರಬಹುದು. ಹೋದ ವಾರ ಮೊದಲ ಸಲ 20 ಮೀಟರಿಗೆ ಹೋಗಿ ಹಾರಿಸಿದಾಗ, ಗುಂಡುಗಳೆಲ್ಲ ಚುಕ್ಕಿಗಿಂತ ಸುಮಾರು 6 ಸೆಂಟಿಮೀಟರ್ ಕೆಳಗೂ 8 ಸೆಂಟಿಮೀಟರ್ ಎಡಕ್ಕೂ ಬಿದ್ದವು. ಚದುರಿ ಬಿದ್ದಿದ್ದರೆ ನನ್ನ ಕೈಯ ತಪ್ಪೆಂದು ಸುಮ್ಮನಾಗುತ್ತಿದ್ದೆ. ಆದರೆ ಹತ್ತು ಗುಂಡುಗಳೂ ಅಂಗೈಯಗಲದೊಳಗೆ ಒಟ್ಟಾಗಿಯೇ ಇದ್ದವು, ಗುಂಪು ಮಾತ್ರ ಜಾಗ ಬಿಟ್ಟು ಸರಿದಿತ್ತು.

ಇದರ ಜೊತೆಗೆ ಇನ್ನೊಂದು ತೊಂದರೆಯೂ ಇದೆ. ಮೂರು ವಾರಗಳಿಂದ, ಐದಾರು ಗುಂಡು ಹಾರಿಸುವಷ್ಟರಲ್ಲಿ ಒಮ್ಮೆಯಾದರೂ ಲೇಸರ್ ತಾನಾಗಿಯೇ ಆರಿಹೋಗುತ್ತದೆ. ಗುಂಡಿಯನ್ನು ಮತ್ತೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಹೊತ್ತಿಕೊಳ್ಳುತ್ತದೆ. ಸೆಲ್ ಹಳೆಯದಾಗಿರಬಹುದೆಂದು ಹೊಸದನ್ನು ಹಾಕಿದೆ; ವ್ಯತ್ಯಾಸವಾಗಲಿಲ್ಲ.

ಪಿಸ್ತೂಲು ಪ್ರತಿ ಸಲ ಹಿಂದಕ್ಕೆ ಒದೆಯುವಾಗ ಒಳಗಿನ, ಬೆಳಕು ಹೊರಡಿಸುವ ಲೇಸರ್ ಡಯೋಡು ಸ್ವಲ್ಪ ಸ್ವಲ್ಪವಾಗಿ ಕೆಡುತ್ತ ಬರುತ್ತದೆಯೇ? ಹಾಗಿದ್ದರೆ ಇಂತಹ ಸಾಧನದಿಂದ ಎಷ್ಟು ಗುಂಡುಗಳವರೆಗೆ ಬಾಳಿಕೆ ನಿರೀಕ್ಷಿಸಬಹುದು? ಹಸಿರು ಲೇಸರ್ ಹೆಚ್ಚು ಗಟ್ಟಿಯೆಂದು ಒಬ್ಬರು, ಕೆಂಪೇ ಗಟ್ಟಿಯೆಂದು ಮತ್ತೊಬ್ಬರು ಹೇಳಿದ್ದಾರೆ. ಹಿಡಿಯೊಳಗೆ ಕೂರುವ ಬಗೆ, ರೇಲ್‌ಗೆ ಕೂರುವ ಬಗೆ, ಹಿಂದಕ್ಕೆ ಜಾರಿದ ಮೇಲ್ಭಾಗವನ್ನು (ಸ್ಲೈಡ್) ಮರಳಿ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗಿನ ಒಳಸರಳಿನ ಬದಲಿಗೆ ಬರುವ ಬಗೆ, ಇವುಗಳಲ್ಲಿ ಯಾವುದು ದೀರ್ಘಕಾಲ ನಿಲ್ಲುತ್ತದೆ ಎಂಬುದನ್ನೂ ಬಳಸಿದವರಿಂದಲೇ ತಿಳಿಯುವ ಆಸೆ. ಜಾಹೀರಾತಿನ ಮಾತುಗಳನ್ನು ಸಾಕಷ್ಟು ಓದಿದ್ದೇನೆ.

ಉತ್ತರ: ರಿಪೇರಿಮೇಜು

ನಿಮ್ಮ ಪ್ರಶ್ನೆಯಲ್ಲಿ ಅಳತೆಗಳನ್ನು ಕೊಟ್ಟಿದ್ದೀರಿ, ಅದಕ್ಕಾಗಿ ಕೃತಜ್ಞತೆ. ದುರಸ್ತಿಗೆ ಬರುವವರಲ್ಲಿ ಹೆಚ್ಚಿನವರು 'ಲೇಸರ್ ಕೆಟ್ಟಿದೆ' ಎಂದಷ್ಟೇ ಹೇಳುತ್ತಾರೆ. ಎಷ್ಟು ದೂರದಲ್ಲಿ, ಯಾವ ಕಡೆಗೆ, ಎಷ್ಟು ಸರಿದಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ನಿಮ್ಮ ಅಳತೆಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ನೀವು ಒಂದೇ ದೋಷವೆಂದು ತಿಳಿದಿರುವುದು ವಾಸ್ತವದಲ್ಲಿ ಎರಡು, ಮತ್ತು ಅವುಗಳಲ್ಲಿ ಒಂದು ದೋಷವೇ ಅಲ್ಲ.

ಮೊದಲು 6 ಸೆಂಟಿಮೀಟರ್ ಕೆಳಗೆ ಬಿದ್ದದ್ದನ್ನು ನೋಡೋಣ. ರೇಲ್‌ಗೆ ಕೂರುವ ಲೇಸರಿನ ಕಿರಣ ನಳಿಕೆಯ ನಡುಗೆರೆಗಿಂತ ಸುಮಾರು 3 ಸೆಂಟಿಮೀಟರ್ ಕೆಳಗಿಂದ ಹೊರಡುತ್ತದೆ. 7 ಮೀಟರಿನಲ್ಲಿ ಅದು ಗುಂಡಿನ ದಾರಿಯನ್ನು ಕೂಡಬೇಕೆಂದು ನೀವು ಹೊಂದಿಸಿದ್ದೀರಿ. ಎಂದರೆ ಕಿರಣವು ಪ್ರತಿ ಮೀಟರಿಗೆ 4 ಮಿಲಿಮೀಟರಿನಷ್ಟು ಮೇಲಕ್ಕೇರುತ್ತ ಹೋಗುತ್ತದೆ. 7 ಮೀಟರ್ ದಾಟಿದ ಮೇಲೆ ಅದು ನಿಲ್ಲುವುದಿಲ್ಲ, ಅದೇ ಏರಿಕೆಯಲ್ಲಿ ಮುಂದುವರಿದು 20 ಮೀಟರ್ ಮುಟ್ಟುವಾಗ ನಳಿಕೆಯ ನಡುಗೆರೆಗಿಂತ ಸುಮಾರು 5 ಸೆಂಟಿಮೀಟರ್ ಮೇಲಿರುತ್ತದೆ. ಅಷ್ಟರಲ್ಲಿ 9 ಎಂಎಂ ಗುಂಡು ತನ್ನ ಭಾರಕ್ಕೆ ಒಂದೂವರೆ ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಎರಡನ್ನೂ ಕೂಡಿಸಿದರೆ ಆರೂವರೆ ಸೆಂಟಿಮೀಟರ್ ಆಯಿತು. ನಿಮ್ಮ ಗುಂಡುಗಳು ಬೀಳಬೇಕಾದ ಎತ್ತರದಲ್ಲೇ ಬಿದ್ದಿವೆ. ಲೇಸರ್ ಹೊಸದಾಗಿದ್ದ ದಿನ 20 ಮೀಟರಿನಲ್ಲಿ ಹಾರಿಸಿದ್ದರೂ ಇದೇ ಆಗುತ್ತಿತ್ತು.

ಎಡಕ್ಕೆ 8 ಸೆಂಟಿಮೀಟರ್ ಸರಿದಿರುವುದು ಮಾತ್ರ ನಿಜವಾದ ದೋಷ. 20 ಮೀಟರಿನಲ್ಲಿ 8 ಸೆಂಟಿಮೀಟರ್ ಎಂದರೆ ಮೀಟರಿಗೆ 4 ಮಿಲಿಮೀಟರಿನ ಓರೆ. ಲೇಸರಿನ ಹಿಡಿಕೆ ರೇಲ್ ಮೇಲೆ ಸುಮಾರು 30 ಮಿಲಿಮೀಟರ್ ಉದ್ದಕ್ಕೆ ಕೂರುತ್ತದೆ ಎಂದುಕೊಂಡರೆ, ಅದರ ಒಂದು ತುದಿ ಇನ್ನೊಂದಕ್ಕಿಂತ 0.12 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಸಾಕು, ಇಷ್ಟು ಓರೆ ಬರುತ್ತದೆ. ಇದು ಒಂದು ಕಾಗದದ ಹಾಳೆಯ ದಪ್ಪ. ಬೆರಳಿಟ್ಟು ಅಲುಗಾಡಿಸಿದರೆ ಬೆರಳಿಗೆ ತಿಳಿಯದಷ್ಟು ಸಣ್ಣ ಸಡಿಲಿಕೆ ಗುರಿಹಲಗೆಯ ಮೇಲೆ ಅಂಗೈಯಗಲದ ತಪ್ಪಾಗಿ ಕಾಣಿಸುತ್ತದೆ. ನನ್ನ ಮೇಜಿಗೆ ಬಂದಿರುವ ಲೇಸರ್‌ಗಳಲ್ಲಿ ಬೆಳಕಿನ ಮೂಲವೇ ಸತ್ತಿದ್ದವು ಬಹಳ ಕಡಿಮೆ. ಅದನ್ನು ಹಿಡಿದಿಟ್ಟಿರುವ ಸ್ಕ್ರೂ, ಸ್ಪ್ರಿಂಗ್, ಹಿಡಿಕೆ, ಇವುಗಳಲ್ಲಿ ಯಾವುದೋ ಒಂದು ಸೋತಿದ್ದವೇ ಹೆಚ್ಚು.

ಈಗ ಏನು ಮಾಡಬೇಕೆಂಬುದಕ್ಕೆ ಬರುತ್ತೇನೆ. ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ತೋಟಾ ಕೂರುವ ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಆಮೇಲೆ ಲೇಸರನ್ನು ಬಿಚ್ಚಿ, ಹಿಡಿಕೆಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಆನೊಡೈಸ್ ಬಣ್ಣ ಉಜ್ಜಿಹೋಗಿ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುವ ಗೆರೆ ಒಂದು ಪಕ್ಕದಲ್ಲಿ ಮಾತ್ರ ಇದ್ದರೆ, ಸಾಧನ ಅಲ್ಲಿಯೇ ಅಲುಗಾಡುತ್ತಿತ್ತು ಎಂದರ್ಥ.

ಮರಳಿ ಕೂರಿಸುವಾಗ ಹಲವರು ಮಾಡುವ ತಪ್ಪೊಂದಿದೆ. ರೇಲ್‌ನ ಅಡ್ಡತೋಡಿನೊಳಗೆ ಲೇಸರಿನ ಅಡ್ಡಪಟ್ಟಿ ಕೂತಿತೆಂದರೆ ಸಾಕೆಂದು ಸ್ಕ್ರೂ ಬಿಗಿದುಬಿಡುತ್ತಾರೆ. ತೋಡಿನ ಅಗಲ ಪಟ್ಟಿಗಿಂತ ಯಾವಾಗಲೂ ತುಸು ಹೆಚ್ಚೇ ಇರುತ್ತದೆ. ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಜಿಗಿಯುತ್ತದೆ, ಲೇಸರ್ ಇದ್ದಲ್ಲೇ ಇರಲು ಬಯಸುತ್ತದೆ. ಪಿಸ್ತೂಲಿನ ಕಡೆಯಿಂದ ನೋಡಿದರೆ ಲೇಸರ್ ಮುಂದಕ್ಕೆ ನುಗ್ಗಿದಂತಾಗುತ್ತದೆ. ಆದ್ದರಿಂದ ಸ್ಕ್ರೂ ಬಿಗಿಯುವ ಮೊದಲು ಲೇಸರನ್ನು ನಳಿಕೆಯ ಬಾಯಿಯ ಕಡೆಗೆ ಒತ್ತಿ, ಪಟ್ಟಿಯು ತೋಡಿನ ಮುಂಗೋಡೆಗೆ ತಾಗಿದ ಮೇಲೆಯೇ ಬಿಗಿಯಬೇಕು. ಹೀಗೆ ಕೂರಿಸಿದರೆ ಅದಕ್ಕೆ ಓಡಲು ಜಾಗವೇ ಇರುವುದಿಲ್ಲ. ಇಲ್ಲವಾದರೆ ಪ್ರತಿ ಹೊಡೆತಕ್ಕೂ ಅದು ಸುತ್ತಿಗೆಯಂತೆ ಮುಂಗೋಡೆಯನ್ನು ಬಡಿಯುತ್ತದೆ, ಹಾಗೆ ಬಡಿದು ಬಡಿದು ಸ್ಕ್ರೂ ಸಡಿಲವಾಗುತ್ತದೆ.

ಹಿಡಿಕೆಯ ಸ್ಕ್ರೂಗೆ ನೀಲಿ ಬಣ್ಣದ, ಮಧ್ಯಮ ಬಿಗಿತದ, ಸ್ಕ್ರೂ ಸಡಿಲವಾಗದಂತೆ ಅಂಟಿಸಿ ಹಿಡಿಯುವ ಥ್ರೆಡ್‌ಲಾಕರ್ ಒಂದು ತೊಟ್ಟು ಸಾಕು. ಎಣ್ಣೆಯ ಪಸೆಯಿದ್ದರೆ ಅದು ಹಿಡಿಯುವುದಿಲ್ಲ, ಮೊದಲು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಎಳೆಗಳನ್ನು ಒರೆಸಿ. ಹಚ್ಚಿದ ಮೇಲೆ ಒಂದು ದಿನ ಮುಟ್ಟದೆ ಬಿಡಿ. ಕೆಂಪು ಬಣ್ಣದ್ದನ್ನು ಎಂದಿಗೂ ಹಚ್ಚಬೇಡಿ, ಅದನ್ನು ಬಿಡಿಸಲು ಬೇಕಾಗುವ ಬಿಸಿಗೆ ಲೇಸರಿನ ಒಳಗಿನ ಬೆಸುಗೆಗಳೇ ಕರಗಿಹೋಗುತ್ತವೆ. ಹಿಡಿಕೆ ಪ್ಲಾಸ್ಟಿಕ್ಕಿನದ್ದಾಗಿದ್ದರೆ ನೀಲಿಯನ್ನೂ ಹಚ್ಚಬೇಡಿ. ಈ ದ್ರವ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಒಳಗಿಂದೊಳಗೇ ಬಿರುಕುಬಿಡಿಸುತ್ತದೆ, ಆ ಬಿರುಕು ಕೆಲವು ವಾರಗಳ ನಂತರ ಕಾಣುತ್ತದೆ. ಎಲ್ಲವೂ ಒಣಗಿದ ಮೇಲೆ ಬಿಳಿ ಬಣ್ಣದ ಪೆನ್ನಿನಿಂದ ಸ್ಕ್ರೂವಿನ ತಲೆಯಿಂದ ಹಿಡಿಕೆಯ ಮೈಗೆ ಹಾದುಹೋಗುವಂತೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆ ಮುರಿದ ದಿನ ಸ್ಕ್ರೂ ತಿರುಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಒಳಗಿನ ಜೋಡಣೆಯ ಬಗ್ಗೆಯೂ ಒಂದು ಮಾತು. ಚುಕ್ಕಿಯನ್ನು ಹೊಂದಿಸಲು ನೀವು ತಿರುಗಿಸಿದ ಎರಡು ಪುಟ್ಟ ಸ್ಕ್ರೂಗಳು ಲೇಸರಿನ ಕೊಳವೆಯನ್ನು ಎರಡು ದಿಕ್ಕಿನಿಂದ ತಳ್ಳುತ್ತವೆ. ಎದುರಿನಿಂದ ಒಂದು ಸ್ಪ್ರಿಂಗ್ ಅಥವಾ ರಬ್ಬರಿನ ಬಳೆ ಅದನ್ನು ಮರಳಿ ಒತ್ತಿ ಹಿಡಿದಿರುತ್ತದೆ. ಸ್ಕ್ರೂವನ್ನು ಪೂರ್ತಿ ಹೊರಕ್ಕೆ ತಿರುಗಿಸಿ ಹೊಂದಿಸಿದ್ದರೆ ಆ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ ಕೊಳವೆ ನಡುಗುತ್ತದೆ. ಸ್ಕ್ರೂಗಳು ಓಡಾಟದ ನಡುಭಾಗದಲ್ಲಿರುವಂತೆ ಹೊಂದಿಕೆಯಾದರೆ ಉತ್ತಮ. ಒಂದು ತುದಿಗೆ ಹೋಗಿ ನಿಲ್ಲಬೇಕಾಗಿ ಬಂದರೆ, ಹಿಡಿಕೆಯೇ ಓರೆಯಾಗಿ ಕೂತಿದೆ ಎಂದು ತಿಳಿಯಿರಿ.

ಉತ್ತರ: ತಾಮ್ರದತಂತಿ

ನನ್ನ ವೃತ್ತಿ ಎಲೆಕ್ಟ್ರಾನಿಕ್ಸ್ ದುರಸ್ತಿ, ಬಿಡುವಿನಲ್ಲಿ ಗುರಿ ಅಭ್ಯಾಸ. ರಿಪೇರಿಮೇಜು ಅವರು ಹೇಳಿದ್ದಕ್ಕೆ ವಿದ್ಯುತ್ತಿನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಒದೆತಕ್ಕೆ ಡಯೋಡು ಕೆಡುತ್ತದೆಯೇ ಎಂದು ಕೇಳಿದ್ದೀರಿ. ಬಂದೂಕಿಗೆ ಲೇಸರ್ ಕೂರಿಸಲು ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಆಗ ಅದರೊಳಗೆ ಇದ್ದದ್ದು ಹೀಲಿಯಂ ಮತ್ತು ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆ. ಗಾಜಿಗೆ ಒದೆತ ಶತ್ರುವೇ ಸರಿ, ಈ ಭಯ ಆ ಕಾಲದಿಂದ ಉಳಿದುಬಂದಿರಬಹುದು. ಈಗಿನ ಲೇಸರ್ ಡಯೋಡು ಅಕ್ಕಿಕಾಳಿಗಿಂತಲೂ ಬಹಳ ಚಿಕ್ಕದಾದ ಒಂದು ಹರಳು; ಮಿಲಿಮೀಟರಿಗಿಂತ ಕಡಿಮೆ ಉದ್ದ, ಲೋಹದ ತಳಕ್ಕೆ ಬೆಸೆದು ಪುಟ್ಟ ಲೋಹದ ಡಬ್ಬಿಯೊಳಗೆ ಮುಚ್ಚಿದ್ದು. ಹೊಡೆತದ ಬಲ ವಸ್ತುವಿನ ತೂಕವನ್ನು ಅವಲಂಬಿಸಿರುತ್ತದೆ. ಆ ಹರಳಿಗೆ ತೂಕವೇ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಒದೆತ ಅದಕ್ಕೆ ತಾಗುವುದೇ ಇಲ್ಲವೆನ್ನಬಹುದು. ಅದರ ಆಯುಷ್ಯವನ್ನು ಸಾವಿರಾರು ಗಂಟೆಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಪಿಸ್ತೂಲಿನ ಮೇಲೆ ಅದು ಉರಿಯುವುದು ವರ್ಷಕ್ಕೆ ಕೆಲವೇ ಗಂಟೆ. ಗುಂಡುಗಳ ಲೆಕ್ಕದಲ್ಲಿ ಡಯೋಡಿನ ಆಯುಷ್ಯ ಹೇಳುವುದರಲ್ಲಿ ಅರ್ಥವಿಲ್ಲ. ಅದರ ನಿಜವಾದ ವೈರಿಗಳು ಬಿಸಿ, ಅತಿಯಾದ ವಿದ್ಯುತ್ ಪ್ರವಾಹ ಮತ್ತು ಸ್ಥಾಯಿ ವಿದ್ಯುತ್ತಿನ ಕಿಡಿ.

ಹಾಗಾದರೆ ಒದೆತ ತಾಗುವುದು ಯಾವುದಕ್ಕೆ? ಆ ಪುಟ್ಟ ಸಾಧನದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಯಾವುದೋ ಅದಕ್ಕೆ, ಎಂದರೆ ಸೆಲ್‌ಗೆ. ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಸುಮಾರು 3 ಗ್ರಾಂ ತೂಗುತ್ತದೆ, ಅದನ್ನು ತೆಳುವಾದ ಒಂದು ಲೋಹದ ನಾಲಿಗೆ ಒತ್ತಿ ಹಿಡಿದಿರುತ್ತದೆ. ಪ್ರತಿ ಹೊಡೆತಕ್ಕೂ ಸೆಲ್ ಆ ನಾಲಿಗೆಯನ್ನು ಅದುಮಿ ಹಿಂದಕ್ಕೆ ಜಿಗಿಯುತ್ತದೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಸಂಪರ್ಕ ತಪ್ಪುತ್ತದೆ. ನಿಮ್ಮ ಲೇಸರ್ ಆರಿದ ಮೇಲೆ ತಾನಾಗಿ ಹೊತ್ತಿಕೊಳ್ಳದೆ ಗುಂಡಿ ಒತ್ತಿದ ಮೇಲೆಯೇ ಹೊತ್ತಿಕೊಳ್ಳುತ್ತದೆ ಎಂದಿದ್ದೀರಿ. ಇದು ಬಹಳ ಉಪಯುಕ್ತವಾದ ಸುಳಿವು. ಒತ್ತಿದರೆ ಹೊತ್ತುವ, ಮತ್ತೊಮ್ಮೆ ಒತ್ತಿದರೆ ಆರುವ ಗುಂಡಿಯ ಹಿಂದೆ ಒಂದು ಸಣ್ಣ ಚಿಪ್ ಇರುತ್ತದೆ. ವಿದ್ಯುತ್ ಒಂದು ಕ್ಷಣ ತಪ್ಪಿದರೂ ಅದು ತಾನು ಉರಿಯುತ್ತಿದ್ದೆನೆಂಬುದನ್ನು ಮರೆತು, ಆರಿದ ಸ್ಥಿತಿಯಿಂದಲೇ ಮತ್ತೆ ಶುರುಮಾಡುತ್ತದೆ. ಜಾರುವ ಬಗೆಯ ಸ್ವಿಚ್ ಇರುವ ಲೇಸರಿನಲ್ಲಿ ಇದೇ ದೋಷವಿದ್ದರೂ ಚುಕ್ಕಿ ಒಮ್ಮೆ ಮಿನುಗಿ ಮರಳುತ್ತಿತ್ತು, ನಿಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಕಾಳಜಿಯಿಂದ ಮಾಡಿದ ಸಾಧನಗಳಲ್ಲಿ ಈ ಕ್ಷಣದ ಕೊರತೆಯನ್ನು ತುಂಬಲು ಒಂದು ಕೆಪಾಸಿಟರ್ ಇಟ್ಟಿರುತ್ತಾರೆ.

ಸೆಲ್ ತೆಗೆದು ನಾಲಿಗೆಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಾಸಿವೆಗಿಂತ ಸಣ್ಣದಾದ ಕಪ್ಪು ಚುಕ್ಕೆ ಕಂಡರೆ, ಅದು ಅಲುಗಾಟದಿಂದ ಉಜ್ಜಿ ಉಜ್ಜಿ ಹುಟ್ಟಿದ ಆಕ್ಸೈಡಿನ ಪದರ. ಹಲವರು ಅದನ್ನು ರಬ್ಬರಿನಿಂದಲೋ ಮರಳುಕಾಗದದಿಂದಲೋ ತಿಕ್ಕುತ್ತಾರೆ. ಹಾಗೆ ತಿಕ್ಕಿದರೆ ಮೇಲಿನ ನಿಕ್ಕಲ್ ಅಥವಾ ಚಿನ್ನದ ಲೇಪ ಹೋಗಿ ಒಂದೆರಡು ತಿಂಗಳಲ್ಲಿ ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತಾಳ್ಮೆಯಿಂದ ಒರೆಸಿ. ಆಮೇಲೆ ನಾಲಿಗೆಯನ್ನು ಮರದ ಕಡ್ಡಿಯಿಂದ ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿ, ಒತ್ತಡ ಹೆಚ್ಚುತ್ತದೆ. ಹೆಚ್ಚು ಎತ್ತಿದರೆ ಮುರಿಯುತ್ತದೆ, ಮುರಿದದ್ದನ್ನು ಬೆಸೆಯುವುದು ಸುಲಭವಲ್ಲ.

ಇನ್ನು ಹಸಿರು ಮತ್ತು ಕೆಂಪಿನ ಪ್ರಶ್ನೆ. ನಿಮಗೆ ಸಲಹೆ ಕೊಟ್ಟ ಇಬ್ಬರೂ ತಮ್ಮ ತಮ್ಮ ಕಾಲಕ್ಕೆ ಸರಿಯಾಗಿಯೇ ಹೇಳಿದ್ದಾರೆ. ಹಳೆಯ ಹಸಿರು ಲೇಸರ್‌ಗಳಲ್ಲಿ 808 ನ್ಯಾನೊಮೀಟರಿನ ಅವಕೆಂಪು ಡಯೋಡು ಒಂದು ಹರಳಿಗೆ ಬೆಳಕೂಡುತ್ತಿತ್ತು. ಆ ಹರಳು 1064 ನ್ಯಾನೊಮೀಟರಿನ ಕಿರಣ ಹೊರಡಿಸುತ್ತಿತ್ತು. ಎರಡನೆಯ ಹರಳು ಅದರ ತರಂಗಾಂತರವನ್ನು ಅರ್ಧಕ್ಕಿಳಿಸಿ 532 ನ್ಯಾನೊಮೀಟರಿನ ಹಸಿರನ್ನಾಗಿ ಮಾಡುತ್ತಿತ್ತು. ಡಯೋಡು, ಎರಡು ಹರಳು, ಮಸೂರ, ಎಲ್ಲವೂ ಒಂದರ ಹಿಂದೆ ಒಂದು ಕರಾರುವಾಕ್ಕಾಗಿ ನಿಂತಿರಬೇಕು. ಒದೆತಕ್ಕೆ ಹರಳು ತುಸು ಸರಿದರೂ ಬೆಳಕು ಮಂಕಾಗುತ್ತಿತ್ತು, ಚಳಿಯಲ್ಲಂತೂ ಹೊತ್ತಿಕೊಳ್ಳಲು ತಡವಾಗುತ್ತಿತ್ತು. 2010ರ ದಶಕದ ಆರಂಭದಿಂದ 520 ನ್ಯಾನೊಮೀಟರಿನ ಆಸುಪಾಸಿನ ಹಸಿರನ್ನು ನೇರವಾಗಿ ಹೊರಡಿಸುವ ಡಯೋಡುಗಳು ಮಾರುಕಟ್ಟೆಗೆ ಬಂದವು. ಒಳಗೆ ಹರಳುಗಳ ಸಾಲಿಲ್ಲ, ಆದ್ದರಿಂದ ಗಟ್ಟಿತನದಲ್ಲಿ ಇವು ಕೆಂಪಿಗೆ ಸಮ. ಆದರೆ ಕೆಂಪು ಡಯೋಡಿಗೆ ಎರಡೂಕಾಲು ವೋಲ್ಟಿನ ಸುತ್ತಮುತ್ತ ಸಾಕಾದರೆ, ನೇರ ಹಸಿರಿಗೆ 5 ರಿಂದ 6 ವೋಲ್ಟ್ ಬೇಕು. 3 ವೋಲ್ಟಿನ ಒಂದೇ ಸೆಲ್‌ನಿಂದ ಅದನ್ನು ಉರಿಸಲು ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಬೇಕಾಗುತ್ತದೆ, ಸೆಲ್ ಬೇಗ ಬರಿದಾಗುತ್ತದೆ. ಹಗಲಿನ ಬೆಳಕಿನಲ್ಲಿ ಕಣ್ಣು ಅತಿ ಹೆಚ್ಚು ಗ್ರಹಿಸುವುದು 555 ನ್ಯಾನೊಮೀಟರಿನ ಹತ್ತಿರದ ಬಣ್ಣವನ್ನಾದ್ದರಿಂದ ಹಸಿರು ಚುಕ್ಕಿ ಎದ್ದು ಕಾಣುತ್ತದೆ ಎಂಬುದು ನಿಜ. ಮನೆಯೊಳಗಿನ ಅಭ್ಯಾಸಕ್ಕೆ ಕೆಂಪೇ ಸಾಕೆಂಬುದು ನನ್ನ ಅಭಿಪ್ರಾಯ; ಕೆಂಪಿನಲ್ಲಿಯೂ 650ಕ್ಕಿಂತ 635 ನ್ಯಾನೊಮೀಟರಿನದ್ದು ಕಣ್ಣಿಗೆ ಬಹಳ ಪ್ರಕಾಶಮಾನವಾಗಿ ಕಾಣುತ್ತದೆ.

ಉತ್ತರ: ಹಳೆಯತರಬೇತುದಾರ

ಮೇಲಿನ ಇಬ್ಬರೂ ಯಂತ್ರದ ಒಳಗನ್ನು ವಿವರಿಸಿದ್ದಾರೆ. ಹಲವು ವರ್ಷ ಅಭ್ಯಾಸದ ಅಂಗಳದಲ್ಲಿ ನಿಂತು ನೋಡಿದವನಾಗಿ ನಾನು ಹೊರಗಿನದನ್ನು ಹೇಳುತ್ತೇನೆ. ಲೇಸರನ್ನು ಒದೆತಕ್ಕಿಂತ ಬೇಗ ಕೆಡಿಸುವುದು ಮಸಿ, ಬೆವರು ಮತ್ತು ಒರೆಸುವ ದ್ರವ.

ನಳಿಕೆಯ ಬಾಯಿಯ ಹತ್ತಿರ ಕೂರುವ ಲೇಸರಿನ ಮಸೂರಕ್ಕೆ ಪ್ರತಿ ಹೊಡೆತದಲ್ಲೂ ಮದ್ದಿನ ಮಸಿ ಮೆತ್ತಿಕೊಳ್ಳುತ್ತದೆ. ನೂರು ಗುಂಡು ಹಾರಿಸಿದ ಮೇಲೆ ಚುಕ್ಕಿಯನ್ನು ಬಿಳಿ ಗೋಡೆಯ ಮೇಲೆ ನೋಡಿ: ಸುತ್ತಲೂ ಮಂಜಿನಂತಹ ಪ್ರಭೆ, ಒಂದು ಪಕ್ಕಕ್ಕೆ ಬಾಲ ಬಂದಿರುತ್ತದೆ. ಡಯೋಡು ಸಾಯುತ್ತಿದೆಯೆಂದು ಎಣಿಸಿ ಸಾಧನವನ್ನೇ ಬದಲಾಯಿಸಿದವರನ್ನು ಕಂಡಿದ್ದೇನೆ; ಆಗಬೇಕಾಗಿದ್ದದ್ದು ಆಲ್ಕೊಹಾಲು ಸವರಿದ ಒಂದು ಹತ್ತಿಕಡ್ಡಿ ಮಾತ್ರ. ಅಭ್ಯಾಸ ಮುಗಿದ ದಿನವೇ ಒರೆಸಿದರೆ ಮಸಿ ಸುಲಭವಾಗಿ ಬಿಡುತ್ತದೆ, ವಾರ ಕಳೆದರೆ ಗಟ್ಟಿಯಾಗುತ್ತದೆ. ಉಗುರಿನಿಂದ ಕೆರೆಯಬಾರದು. ಟಾರ್ಚಿನ ಗಾಜಿಗೆ ಕೆಲವರು ಮೊದಲೇ ಮೇಣ ಸವರಿಡುವ ಪದ್ಧತಿಯಿದೆ, ಮಸಿ ಮೇಣದೊಡನೆ ಒರೆಸಿಹೋಗಲಿ ಎಂದು. ಲೇಸರಿಗೆ ಹಾಗೆ ಮಾಡಬೇಡಿ. ಮೇಣದ ಪದರ ಕಿರಣವನ್ನೇ ಹರಡಿಬಿಡುತ್ತದೆ.

ನಳಿಕೆ ತೊಳೆಯಲು ಬಳಸುವ ಅಮೋನಿಯಾ ಬೆರೆತ ದ್ರಾವಣ ಮಸೂರದ ಲೇಪಕ್ಕೂ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಒಳ್ಳೆಯದಲ್ಲ. ಪಿಸ್ತೂಲನ್ನು ತೊಳೆಯುವ ಮೊದಲು ಲೇಸರನ್ನು ಬಿಚ್ಚಿಡಬೇಕೋ ಬೇಡವೋ ಎಂಬ ಗೊಂದಲ ಹಲವರಿಗಿದೆ, ಏಕೆಂದರೆ ಬಿಚ್ಚಿದರೆ ಹೊಂದಿಕೆ ತಪ್ಪುತ್ತದೆ. ಬಿಚ್ಚದೆಯೇ ನಳಿಕೆಯ ಬಾಯಿಯನ್ನು ಕೆಳಮುಖವಾಗಿಸದೆ ತೊಳೆಯುವುದು, ದ್ರಾವಣವನ್ನು ಸುರಿಯದೆ ಬಟ್ಟೆಗೆ ಹಚ್ಚಿ ಬಳಸುವುದು, ಮಸೂರದ ಮೇಲೆ ಒಂದು ತುಂಡು ಅಂಟುಪಟ್ಟಿ ಹಾಕಿಕೊಳ್ಳುವುದು, ಇದನ್ನೇ ನಾನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿರುವುದು.

ಹಿಡಿಯೊಳಗೆ ಕೂರುವ ಲೇಸರಿಗೆ ಮಸಿಯ ಕಾಟ ಕಡಿಮೆ, ಆದರೆ ಅದು ದಿನವಿಡೀ ಬೆವರಿನ ಸಂಗದಲ್ಲಿರುತ್ತದೆ. ಮೈಗೆ ತಾಗುವಂತೆ ಒರೆಯಲ್ಲಿ ಇಟ್ಟುಕೊಳ್ಳುವವರಿಗೆ ಇದು ಬೇಗ ತಿಳಿಯುತ್ತದೆ: ಮೊದಲು ಸ್ಕ್ರೂಗಳ ತಲೆಯಲ್ಲಿ ತುಕ್ಕಿನ ಕಂದು, ಆಮೇಲೆ ಅಲೆನ್ ಕೀ ಹಿಡಿಯದಂತೆ ಸವೆದ ಗುಳಿ, ಕೊನೆಗೆ ಬೆರಳೊತ್ತುವ ರಬ್ಬರಿನ ಸ್ವಿಚ್ಚು ಒತ್ತಿದರೂ ಸ್ಪಂದಿಸದ ಸ್ಥಿತಿ. ಅದರ ಮೇಲೆ, ಬಿಗಿಯಾದ ಒರೆ ಸ್ವಿಚ್ಚನ್ನು ಒತ್ತಿಹಿಡಿದರೆ ಲೇಸರ್ ಒರೆಯೊಳಗೇ ಉರಿದು ಸೆಲ್ ಬರಿದಾಗುತ್ತದೆ. ನೀರಿನ ವಿಷಯದಲ್ಲಿ ಡಬ್ಬಿಯ ಮೇಲಿನ ಗುರುತನ್ನು ಸರಿಯಾಗಿ ಓದಬೇಕು. ಐಪಿಎಕ್ಸ್4 ಎಂದರೆ ನೀರಿನ ಎರಚಲನ್ನು ತಡೆಯುತ್ತದೆ ಎಂದಷ್ಟೇ. ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಸೆಲ್ ಬದಲಾಯಿಸುವಾಗ ಮುಚ್ಚಳದ ರಬ್ಬರ್ ಬಳೆಯ ಮೇಲೆ ಒಂದು ಕೂದಲು ಕೂತರೂ ಈ ಎರಡೂ ಗುರುತುಗಳಿಗೆ ಬೆಲೆಯಿಲ್ಲ.

ನನ್ನ ಮುಖ್ಯ ಸಲಹೆ ಇದು. ಲೇಸರ್ ಸರಿಯಾಗಿ ಹೊಂದಿದ ದಿನ, ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, 10 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕಿ ಬೀಳಿಸಿ, ಪಿಸ್ತೂಲಿನ ಮಾಮೂಲು ಲೋಹದ ಮುಂಗುರಿ ಮತ್ತು ಹಿಂಗುರಿಗಳ ಮೂಲಕ ನೋಡಿ. ಚುಕ್ಕಿ ಮುಂಗುರಿಯ ನೆತ್ತಿಗೆ ಸರಿಯಾಗಿ ಕೂತಿದೆಯೇ, ತುಸು ಬಲಕ್ಕಿದೆಯೇ, ಎಷ್ಟು ಮೇಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ಚಿತ್ರ ಬರೆದು ಪೆಟ್ಟಿಗೆಯಲ್ಲಿಡಿ. ಮುಂದೆ ಪ್ರತಿ ಅಭ್ಯಾಸಕ್ಕೆ ಮೊದಲು ಅದೇ ದೂರದಿಂದ ನೋಡಿ ಚೀಟಿಗೆ ಹೋಲಿಸಿದರೆ, ಒಂದೂ ಗುಂಡು ಹಾರಿಸದೆ ಲೇಸರ್ ಸರಿದಿದೆಯೇ ಎಂದು ತಿಳಿಯುತ್ತದೆ. ಇದರಲ್ಲಿ ಅರ್ಧ ನಿಮಿಷವೂ ಹೋಗುವುದಿಲ್ಲ. ಇಂತಹ ಲೇಸರ್‌ಗಳ ಬಲ ಸಾಮಾನ್ಯವಾಗಿ 5 ಮಿಲಿವ್ಯಾಟ್‌ನೊಳಗೆ ಇರುತ್ತದೆಯಾದರೂ ಕನ್ನಡಿ, ಕಿಟಕಿಯ ಗಾಜು ಎದುರಿರುವ ಕಡೆ ಈ ಪರೀಕ್ಷೆ ಬೇಡ. ಮರಳಿ ಬಂದ ಕಿರಣ ಕಣ್ಣಿಗೆ ಬಿದ್ದರೆ ಹಾನಿಯಾಗಬಹುದು.

ಎಡಕ್ಕೆ ಸರಿದದ್ದನ್ನು ಸಾಧನದ ತಪ್ಪೆಂದು ತೀರ್ಮಾನಿಸುವ ಮೊದಲು ಮರಳಿನ ಚೀಲದ ಮೇಲೆ ಪಿಸ್ತೂಲು ಊರಿ ಒಮ್ಮೆ ಹಾರಿಸಿ ನೋಡಿ. ಬಲಗೈಯವರು ಟ್ರಿಗರನ್ನು ಗಬಕ್ಕನೆ ಎಳೆದರೆ ಗುಂಡು ಎಡಕ್ಕೂ ಕೆಳಕ್ಕೂ ಹೋಗುತ್ತದೆ, ಅದೂ ಒಂದೇ ಜಾಗಕ್ಕೆ ಗುಂಪಾಗಿ ಹೋಗಬಲ್ಲದು. ಸ್ಪ್ರಿಂಗಿನ ಒಳಸರಳಿನ ಲೇಸರ್ ಬಗ್ಗೆಯೂ ಕೇಳಿದ್ದೀರಿ. ಅದು ನಳಿಕೆಗೆ ತೀರ ಹತ್ತಿರವಿರುವುದರಿಂದ ದೂರ ಬದಲಾದಾಗ ಬರುವ ವ್ಯತ್ಯಾಸ ಕಡಿಮೆ, ಹೊರಗಿನ ಪೆಟ್ಟೂ ತಾಗುವುದಿಲ್ಲ. ನನ್ನ ಬಳಿ ಇರುವುದು ಹಲವು ವರ್ಷಗಳಿಂದ ನಿಂತಿದೆ.

ಉತ್ತರ: ರಿಪೇರಿಮೇಜು

ತರಬೇತುದಾರರ ಚೀಟಿಯ ಉಪಾಯವನ್ನು ನಾನೂ ಇನ್ನು ಮುಂದೆ ಗ್ರಾಹಕರಿಗೆ ಹೇಳುತ್ತೇನೆ. ಒಳಸರಳಿನ ಲೇಸರ್ ವಿಷಯದಲ್ಲಿ ಮಾತ್ರ ನನ್ನ ಅನುಭವ ಬೇರೆ. ರಿಕಾಯಿಲ್ ಸ್ಪ್ರಿಂಗ್ ಪ್ರತಿ ಹೊಡೆತಕ್ಕೂ ಅದರ ಮೈಮೇಲೆಯೇ ಹಿಸುಕಿ ಬಿಚ್ಚುತ್ತದೆ, ನಳಿಕೆಯ ಬಿಸಿ ನೇರವಾಗಿ ತಾಗುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಹೊಂದಿಸಲು ಸ್ಕ್ರೂ ಇರುವುದಿಲ್ಲವಾದ್ದರಿಂದ ಅದು ಕೂರುವ ಗೂಡು ಸವೆದರೆ ಬಂದ ಓರೆಯನ್ನು ಸರಿಪಡಿಸುವ ದಾರಿಯೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೇಲ್ ಮೇಲಿನ ಲೇಸರ್ ಕೆಟ್ಟರೆ ಪಿಸ್ತೂಲು ಕೆಲಸ ಮಾಡುತ್ತಲೇ ಇರುತ್ತದೆ. ಒಳಸರಳು ಪಿಸ್ತೂಲಿನ ಒಂದು ಅಂಗ, ಅದು ಬಿರಿದರೆ ಪಿಸ್ತೂಲೇ ನಿಲ್ಲುತ್ತದೆ. ಚೆನ್ನಾಗಿ ನಿಂತಿದೆಯೆಂದು ತಾವು ಹೇಳಿದ್ದನ್ನು ನಾನು ಸಂಶಯಿಸುವುದಿಲ್ಲ, ಆದರೆ ಹೊಸಬರಿಗೆ ಅದನ್ನು ಸೂಚಿಸಲು ನನಗೆ ಮನಸ್ಸು ಬರುವುದಿಲ್ಲ.

ಮರುಬರಹ: ಗುರಿಯಭ್ಯಾಸಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ವಾರಾಂತ್ಯಗಳನ್ನು ಇದಕ್ಕಾಗಿಯೇ ಮೀಸಲಿಟ್ಟೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಮೊದಲು ಏನನ್ನೂ ಮುಟ್ಟದೆ, ಮರಳಿನ ಚೀಲದ ಮೇಲೆ ಊರಿ 20 ಮೀಟರಿನಲ್ಲಿ ಹತ್ತು ಗುಂಡು ಹಾರಿಸಿದೆ. ಗುಂಪು 8ರ ಬದಲಿಗೆ 6 ಸೆಂಟಿಮೀಟರಿನಷ್ಟು ಎಡಕ್ಕಿತ್ತು; ಹಾಗಾದರೆ 2 ಸೆಂಟಿಮೀಟರ್ ನನ್ನ ಬೆರಳಿನದೇ ತಪ್ಪು, ತರಬೇತುದಾರರು ಹೇಳಿದ್ದು ಸರಿಯಾಗಿತ್ತು. ಆಮೇಲೆ ಲೇಸರನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ, ಹಿಡಿಕೆಯ ಬಲಪಕ್ಕದ ಹಿಂತುದಿಯಲ್ಲಿ ಅಕ್ಕಿಕಾಳಿನುದ್ದಕ್ಕೆ ಕಪ್ಪು ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಎಡಪಕ್ಕದಲ್ಲಿ ಒಂದು ಗೀರೂ ಇರಲಿಲ್ಲ. ಸ್ಕ್ರೂವನ್ನು ಬಿಚ್ಚುವಾಗಲೇ ಗೊತ್ತಾಗಿತ್ತು, ಅಲೆನ್ ಕೀಗೆ ಬಲ ಹಾಕುವ ಅಗತ್ಯವೇ ಬೀಳಲಿಲ್ಲ. ನನ್ನ ಹಿಡಿಕೆ ಅಲ್ಯೂಮಿನಿಯಂನದ್ದು, ಆದ್ದರಿಂದ ಒರೆಸಿ, ನೀಲಿ ದ್ರವ ಒಂದು ತೊಟ್ಟು ಹಾಕಿ, ಮುಂದಕ್ಕೆ ಒತ್ತಿ ಬಿಗಿದು, ಬಿಳಿ ಗೆರೆ ಎಳೆದು ಮರುದಿನದವರೆಗೆ ಬಿಟ್ಟೆ. ಈ ಬಾರಿ 7ರ ಬದಲಿಗೆ 15 ಮೀಟರಿನಲ್ಲಿ ಹೊಂದಿಸಿದ್ದೇನೆ. ಈಗ 7 ಮೀಟರಿನಲ್ಲಿ ಗುಂಡು ಚುಕ್ಕಿಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಮೇಲೆ ಬೀಳುತ್ತದೆ, 20 ಮೀಟರಿನಲ್ಲಿ ಅಷ್ಟೇ ಕೆಳಗೆ. ಎರಡೂ ನನ್ನ ಕೈಯ ನಡುಕಕ್ಕಿಂತ ಕಡಿಮೆ.

ಸೆಲ್ ನಾಲಿಗೆಯ ತುದಿಯಲ್ಲಿ ಕಪ್ಪು ಚುಕ್ಕೆ ಇತ್ತು, ತಾಮ್ರದತಂತಿಯವರು ಹೇಳಿದಷ್ಟೇ ಗಾತ್ರದ್ದು. ಹತ್ತಿಕಡ್ಡಿಯಿಂದ ಒರೆಸಲು ಹತ್ತು ನಿಮಿಷ ಹಿಡಿಯಿತು. ನಾಲಿಗೆಯನ್ನು ಎತ್ತಲು ಮೊದಲು ಧೈರ್ಯ ಬರಲಿಲ್ಲ, ಒರೆಸಿ ಮಾತ್ರ ಬಿಟ್ಟೆ. ಆ ದಿನ 60 ಗುಂಡುಗಳಲ್ಲಿ ಎರಡು ಸಲ ಲೇಸರ್ ಆರಿತು. ಮರುವಾರ ಹಲ್ಲುಕಡ್ಡಿಯಿಂದ ನಾಲಿಗೆಯನ್ನು ತುಸು ಎತ್ತಿದೆ. ಸೆಲ್ ಕೂರಿಸುವಾಗ ಮುಚ್ಚಳ ಮೊದಲಿಗಿಂತ ಬಿಗಿಯಾಗಿ ತಿರುಗಿದ್ದು ಬೆರಳಿಗೆ ತಿಳಿಯಿತು. ಅನಂತರ ಹಾರಿಸಿದ 90 ಗುಂಡುಗಳಲ್ಲಿ ಒಮ್ಮೆಯೂ ಆರಿಲ್ಲ. ಬಿಳಿ ಗೆರೆ ನೇರವಾಗಿಯೇ ಇದೆ.

ಚೀಟಿಯನ್ನೂ ಬರೆದಿಟ್ಟಿದ್ದೇನೆ: 10 ಮೀಟರಿನಲ್ಲಿ ಚುಕ್ಕಿ ಮುಂಗುರಿಯ ನೆತ್ತಿಯ ಹಿಂದೆ ಅರ್ಧ ಮರೆಯಾಗುತ್ತದೆ, ಬಲಕ್ಕೆ ಒಂದು ಎಳೆಯಷ್ಟು ಹೆಚ್ಚು. ಇನ್ನು 500 ಗುಂಡುಗಳಾದ ಮೇಲೆ ಅದೇ ಗೋಡೆಯ ಎದುರು ನಿಂತು ನೋಡಿ, ಚಿತ್ರಕ್ಕೂ ಚುಕ್ಕಿಗೂ ಎಷ್ಟು ಅಂತರ ಬಂದಿದೆ ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.